ಕೌದಿಯ ಒಳಪದರ

ಕೌದಿಯ ಮೇಲ್ಬಟ್ಟೆಗೂ ತಳಬಟ್ಟೆಗೂ ನಡುವೆ ಹಾಸಿ, ಎಲ್ಲವನ್ನೂ ಸೇರಿಸಿ ಸಾಲು ಹೊಲಿಗೆಯಿಂದ ಹಿಡಿಸುವ ಪದರ. ಹೊದಿಕೆಯ ಕಾವು, ತೂಕ, ಮೆದು, ಬಾಳಿಕೆ ಬಹುಮಟ್ಟಿಗೆ ಇದರ ಕೈಯಲ್ಲಿವೆ. ಅಮೆರಿಕ, ಯುರೋಪಿನ ಅಂಗಡಿಗಳಲ್ಲಿ ಇದಕ್ಕೆಂದೇ ತಯಾರಿಸಿದ ಹತ್ತಿ, ಉಣ್ಣೆ, ಪಾಲಿಯೆಸ್ಟರ್ ಹಾಳೆಗಳು ಸುರುಳಿಯಾಗಿ ಸಿಗುತ್ತವೆ. ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ ಮತ್ತು ಬಸವನ ಬಾಗೇವಾಡಿ ತಾಲೂಕುಗಳ ರೂಢಿಯಲ್ಲಿ ಒಳಪದರವೆಂದರೆ ಉಟ್ಟು ಸವೆದ ಹತ್ತಿ ಬಟ್ಟೆ. ಹಿಂಜಿದ ಹತ್ತಿ ಹೋಗುವುದು ಗಾದಿಗೆ, ತಲೆದಿಂಬಿಗೆ, ಲೋಡಿಗೆ.

ಹತ್ತಿ ಬೆಳೆಯುವ ಎರೆನೆಲದ ಜನ ಹೊದಿಕೆಯೊಳಗೆ ಹತ್ತಿ ತುಂಬದೆ ಹಳೆ ಸೀರೆ ತುಂಬುವುದು ಹೊರಗಿನವರಿಗೆ ಬಡತನದ ಗುರುತಾಗಿ ಕಾಣುತ್ತದೆ. ಬಡತನದ ಪಾತ್ರ ಇದೆ, ಇಲ್ಲವೆನ್ನಲಾಗದು. ಆದರೆ ಎತ್ತು, ಹೊಲ, ಸಾಲು ಮನೆಗಳಿದ್ದ ಗೌಡರ ಮನೆಯಲ್ಲೂ ಕೌದಿಯ ಒಳಗೆ ಹಳೆ ಬಟ್ಟೆಯೇ ಇರುತ್ತಿತ್ತು. ನಿಜವಾದ ಕಾರಣ ಒಗೆತ. ಕೌದಿ ವರ್ಷಕ್ಕೊಮ್ಮೆಯಾದರೂ ಹಳ್ಳದ ಕಲ್ಲಿನ ಮೇಲೆ ಬಡಿಸಿಕೊಳ್ಳಬೇಕು. ಗಾದಿಗೆ ನೀರು ಸೋಕುವುದೇ ಇಲ್ಲ. ಅದಕ್ಕೆ ಬಿಸಿಲೇ ಜಳಕ. ನೀರಿಗೆ ಬೀಳುವ ವಸ್ತುವಿಗೆ ನೇಯ್ದ ಬಟ್ಟೆ, ಬೀಳದ ವಸ್ತುವಿಗೆ ಬಿಡಿ ಹತ್ತಿ ಎಂಬ ಈ ವಿಂಗಡಣೆಯನ್ನು ಹಿಡಿದರೆ ಒಳಪದರದ ಆಯ್ಕೆಯ ಉಳಿದ ನಿಯಮಗಳೆಲ್ಲ ತಾವಾಗಿ ಬಿಡಿಸಿಕೊಳ್ಳುತ್ತವೆ.

ಹವೆ

ಭೀಮೆ, ಡೋಣಿ, ಕೃಷ್ಣೆಯರ ನಡುವಿನ ಈ ಬಯಲಿನಲ್ಲಿ ಬೇಸಿಗೆ 40 ಡಿಗ್ರಿ ದಾಟುತ್ತದೆ. ಡಿಸೆಂಬರ್-ಜನವರಿಯ ಕೆಲವು ರಾತ್ರಿ ಪಾದರಸ 10 ಡಿಗ್ರಿಗೂ ಕೆಳಗಿಳಿಯುತ್ತದೆ. ಒಂದೇ ಕೌದಿ ಎರಡೂ ಕಾಲಕ್ಕೆ ದುಡಿಯಬೇಕು. ಚಳಿಯಲ್ಲಿ ಅದು ಹೊದಿಕೆ. ಬೇಸಿಗೆಯಲ್ಲಿ ಮಾಳಿಗೆಯ ಮೇಲೆ ಅಥವಾ ಅಂಗಳದ ಹೊರಸಿನ ಮೇಲೆ ಹಾಸಿಗೆ. ಹೊಲದಲ್ಲಿ ರಾಶಿ ಕಾಯುವವನಿಗೆ ಎರಡೂ ಹೌದು. ಮೇಲೆ ಹೊದ್ದಾಗ ಬೆವರು ಕಟ್ಟಬಾರದು, ಕೆಳಗೆ ಹಾಸಿದಾಗ ಗಂಟುಗಂಟಾಗಬಾರದು. ಉಬ್ಬಿದ ರಜಾಯಿ ಮೊದಲ ಪರೀಕ್ಷೆಯಲ್ಲಿ ಹೇಗೋ ಪಾರಾದರೂ ಎರಡನೆಯದರಲ್ಲಿ ಸೋಲುತ್ತದೆ, ಏಕೆಂದರೆ ಮೈಭಾರಕ್ಕೆ ಅದರ ಹತ್ತಿ ಕುಸಿದು ಬದಿಗೆ ಸರಿಯುತ್ತದೆ.

ಹೊದಿಕೆಯಲ್ಲಿ ಬೆಚ್ಚಗಿಡುವುದು ಎಳೆಗಳ ನಡುವೆ ಸಿಕ್ಕಿ ಅಲುಗಾಡದೆ ನಿಂತ ಗಾಳಿ. ಈ ಲೆಕ್ಕದಲ್ಲಿ ಹಳೆ ಬಟ್ಟೆಯ ಕೌದಿ ಹಿಂದೆ ಬೀಳುತ್ತದೆಂದು ಒಪ್ಪಬೇಕು. ಒಂದೇ ತೂಕದ ಹಿಂಜಿದ ಹತ್ತಿ ಅದಕ್ಕಿಂತ ಎಷ್ಟೋ ದಪ್ಪಗೆ ನಿಂತು ಹೆಚ್ಚು ಗಾಳಿ ಹಿಡಿಯುತ್ತದೆ. ಜೈಪುರದ ರಜಾಯಿ ಕೆಲವು ನೂರು ಗ್ರಾಂ ಹತ್ತಿಯಲ್ಲೇ ಹೆಸರು ಮಾಡಿದ್ದು ಈ ಉಬ್ಬಿನಿಂದ. ಕೌದಿ ತನ್ನ ಕೊರತೆಯನ್ನು ಪದರಗಳ ಸಂಖ್ಯೆಯಿಂದ ತುಂಬಿಕೊಳ್ಳುತ್ತದೆ. ಎರಡು ಮೀಟರ್ ಉದ್ದ, ಒಂದೂವರೆ ಮೀಟರ್ ಅಗಲದ ಕೌದಿಗೆ ಒಂದು ಆರುವಾರಿ ಸೀರೆ ಹೆಚ್ಚುಕಡಿಮೆ ಎರಡು ಪದರ ಕೊಡುತ್ತದೆ. ಸವೆದ ಹತ್ತಿ ಸೀರೆಯ ತೂಕ ಅರ್ಧ ಕಿಲೋದ ಆಸುಪಾಸು. ಮೂರು ಸೀರೆ ಹಾಕಿದರೆ ಆರು ಪದರ, ಒಂದೂವರೆ ಕಿಲೋ. ಚಳಿಗಾಲಕ್ಕೆಂದು ಇನ್ನೆರಡು ಸೇರಿಸಿದರೆ ಎರಡೂವರೆ ಕಿಲೋ. ಇದಕ್ಕೂ ದಪ್ಪ ಮಾಡಿದರೆ ಸೂಜಿ ಇಳಿಯುವುದಿಲ್ಲ, ನೆನೆದ ಕೌದಿಯನ್ನು ಇಬ್ಬರು ಹೆಂಗಸರು ಹಿಂಡಲಾರರು. ದಪ್ಪದ ಮೇಲ್ಮಿತಿಯನ್ನು ಗೊತ್ತುಮಾಡುವುದು ಚಳಿಗಿಂತ ಹೆಚ್ಚಾಗಿ ಈ ಎರಡು ಕೆಲಸಗಳು.

ಬಟ್ಟೆಯ ಆಯ್ಕೆ

ಎಲ್ಲ ಹಳೆ ಬಟ್ಟೆಯೂ ಒಳಪದರಕ್ಕೆ ಬರುವುದಿಲ್ಲ. ಅತ್ಯುತ್ತಮವೆಂದು ಹೆಸರಾದದ್ದು ಗಂಡಸರ ಧೋತರ. ತೆಳುವಾದ ನೂಲು, ಹತ್ತಾರು ವರ್ಷದ ಒಗೆತಕ್ಕೆ ಗಂಜಿ ಪೂರ್ತಿ ಬಿಟ್ಟ ಮೆದು, ಬಣ್ಣ ಬಿಡುವ ಭಯವಿಲ್ಲದ ಬಿಳುಪು. ಅದರ ಹಿಂದೆಯೇ ಹತ್ತಿಯ ಇಳಕಲ್ ಸೀರೆಯ ಒಡಲು. ಸೀರೆಯ ದಡಿಯನ್ನೂ ಸೆರಗನ್ನೂ ಮೊದಲೇ ಹರಿದು ಬೇರೆ ಇಡುತ್ತಾರೆ. ರೇಷ್ಮೆ ಅಥವಾ ಕೃತಕ ರೇಷ್ಮೆಯ ದಡಿ ಒಗೆತದಲ್ಲಿ ಹತ್ತಿಯಷ್ಟೇ ಕುಗ್ಗುವುದಿಲ್ಲ. ಒಳಗೆ ಉಳಿದರೆ ಆ ಗೆರೆಯುದ್ದಕ್ಕೂ ಕೌದಿ ಸೊಟ್ಟಗಾಗುತ್ತದೆ. ಹರಿದಿಟ್ಟ ದಡಿ ವ್ಯರ್ಥವಾಗುವುದಿಲ್ಲ. ಅದೇ ಕೌದಿಯ ಅಂಚುಪಟ್ಟಿಯಾಗಿ, ಗುಳೇದಗುಡ್ಡದ ಖಣದ ತುಂಡುಗಳ ಜತೆ ಮೇಲ್ಮೈಯ ಅಲಂಕಾರವಾಗಿ ಬರುತ್ತದೆ.

ಪಟಗಾ, ಪಂಜೆ, ಹಾಸಿದ ಚಾದರ, ದಿಂಬಿನ ಚೀಲ ನಡುವಿನ ದರ್ಜೆ. ಅಂಗಿಯನ್ನು ಹಾಕುವುದಾದರೆ ಕಾಲರು, ಜೇಬು, ಗುಂಡಿಪಟ್ಟಿ, ಮಡಿಚಿದ ಹೊಲಿಗೆಗಳನ್ನೆಲ್ಲ ಬಿಚ್ಚಬೇಕು. ಒಂದು ಗಟ್ಟಿ ಹೊಲಿಗೆ ಒಳಗುಳಿದರೂ ಸೂಜಿಯ ಮೂತಿ ಮುರಿಯುತ್ತದೆ, ಮಲಗಿದವರ ಬೆನ್ನಿಗೂ ಒತ್ತುತ್ತದೆ. ಜೀನ್ಸ್ ಬಟ್ಟೆಯನ್ನು ಕೈಸೂಜಿಯವರು ಮುಟ್ಟುವುದಿಲ್ಲ. ಬನಿಯನ್, ಟೀ ಶರ್ಟುಗಳ ಹೆಣಿಗೆ ಬಟ್ಟೆ ಎಳೆದರೆ ಹಿಗ್ಗುತ್ತದೆ, ಹೊಲಿದ ದಾರ ಹಿಗ್ಗುವುದಿಲ್ಲ. ನಾಲ್ಕು ಒಗೆತದೊಳಗೆ ದಾರ ಕಡಿದು ಬಟ್ಟೆ ಜೋಲುತ್ತದೆ. ಟವೆಲ್ಲು ನೀರು ಕುಡಿದು ಕೌದಿಯನ್ನು ಬಂಡೆ ಮಾಡುತ್ತದೆ, ಎರಡು ದಿನವಾದರೂ ಒಣಗುವುದಿಲ್ಲ.

ಹೊಸ ಬಟ್ಟೆ ಒಳಗೆ ಹಾಕಬಾರದೆಂಬ ಮಾತನ್ನು ಎಲ್ಲ ಕಡೆ ಕೇಳಬಹುದು. ಅದಕ್ಕೆ ಶಾಸ್ತ್ರದ ಕಾರಣ ಕೊಡುವವರಿದ್ದಾರೆ, ಆದರೆ ಕೆಲಸದ ಕಾರಣವೇ ಸಾಕು. ಒಗೆಯದ ಹತ್ತಿ ಬಟ್ಟೆ ಮೊದಲ ನೀರಿಗೆ ಶೇ 3ರಿಂದ 5ರಷ್ಟು, ಸಡಿಲ ನೇಯ್ಗೆಯದಾದರೆ ಇನ್ನೂ ಹೆಚ್ಚು ಕುಗ್ಗುತ್ತದೆ. ಕುಗ್ಗಿ ಮುಗಿದ ಹಳೆಯ ಪದರಗಳ ನಡುವೆ ಕುಗ್ಗದ ಒಂದು ಪದರ ಸೇರಿದರೆ ಮೊದಲ ಒಗೆತದಲ್ಲೇ ಇಡೀ ಕೌದಿ ಮುದುಡುತ್ತದೆ. ಎಲ್ಲ ಪದರಗಳೂ ಒಂದೇ ವಯಸ್ಸಿನವಾಗಿರಲಿ ಎಂಬುದು ನೂರು ವರ್ಷ ಹಳೆಯ ಕೌದಿಗೂ ಅಂಗಡಿಯ ಹಾಳೆಗೂ ಸಮನಾಗಿ ಸಲ್ಲುವ ನಿಯಮ. ಅಂಗಡಿಯ ಹತ್ತಿ ಹಾಳೆಯನ್ನು ತಂದವರು ಮೇಲ್ಬಟ್ಟೆಯನ್ನು ಮಾತ್ರ ಒಗೆದು ಹಾಳೆಯನ್ನು ಹಾಗೇ ಹೊಲಿಯುವುದರಿಂದ ಆಗುವ ಸುಕ್ಕನ್ನು ಅಮೆರಿಕದ ಕೆಲವರು ಹಳೆಗಾಲದ ಸೊಗಸೆಂದು ಬೇಕೆಂದೇ ತರಿಸಿಕೊಳ್ಳುತ್ತಾರೆ. ನಮ್ಮ ಅಜ್ಜಿಯರು ನೋಡಿದರೆ ಬಿಚ್ಚಿ ಹೊಲಿಯಲು ಹೇಳಿಯಾರು.

ಕಳೆದ ಕೆಲವು ದಶಕಗಳ ದೊಡ್ಡ ತೊಡಕು ಬೇರೆ. ಹಳ್ಳಿಯ ಮನೆಗಳಲ್ಲಿ ಹತ್ತಿ ಸೀರೆ ಕಡಿಮೆಯಾಗಿ ಪಾಲಿಯೆಸ್ಟರ್ ಸೀರೆ ತುಂಬಿಕೊಂಡಿದೆ. ಅದು ಹರಿಯುವುದಿಲ್ಲ, ಬಣ್ಣ ಹೋಗುವುದಿಲ್ಲ. ಹೀಗಾಗಿ ಕೌದಿಯ ಮೇಲ್ಬಟ್ಟೆಗೆ ಕೆಲವರು ಅದನ್ನೇ ಮೆಚ್ಚುತ್ತಾರೆ. ಒಳಗೆ ಹಾಕಿದರೆ ಪದರ ಪದರದ ಮೇಲೆ ಜಾರುತ್ತದೆ, ಬೆವರನ್ನು ಎಳೆದುಕೊಳ್ಳುವುದಿಲ್ಲ. ಸಾಮಾನ್ಯ ಹವೆಯಲ್ಲಿ ಹತ್ತಿ ತನ್ನ ತೂಕದ ಶೇ 8ರಷ್ಟು ತೇವ ಹಿಡಿದಿಟ್ಟುಕೊಳ್ಳುತ್ತದೆ, ಉಣ್ಣೆ ಶೇ 15ಕ್ಕೂ ಹೆಚ್ಚು, ಪಾಲಿಯೆಸ್ಟರ್ ಶೇ 1ಕ್ಕೂ ಕಡಿಮೆ. ಬೇಸಿಗೆಯ ರಾತ್ರಿ ಪಾಲಿಯೆಸ್ಟರ್ ತುಂಬಿದ ಕೌದಿಯ ಮೇಲೆ ಮಲಗಿದವರಿಗೆ ಈ ಅಂಕಿ ಬಾಯಿಪಾಠ ಮಾಡಬೇಕಾಗಿಲ್ಲ.

ಹಾಸುವುದು, ಹೊಲಿಯುವುದು

ಕೌದಿಯನ್ನು ಮನೆಯ ಹೆಂಗಸರೇ ಬಿಡುವಿನಲ್ಲಿ ಹೊಲಿಯುತ್ತಾರೆ, ಇಲ್ಲವೆ ಊರೂರು ತಿರುಗುವ ಗೊಂದಳಿ ಮುಂತಾದ ಸಮುದಾಯಗಳ ಹೆಂಗಸರಿಂದ ಕೂಲಿಗೆ ಹೊಲಿಸುತ್ತಾರೆ. ಸುಗ್ಗಿ ಮುಗಿದ ಮೇಲಿನ ದಿನಗಳು ಇದರ ಹಂಗಾಮು. ಕೂಲಿಯ ಮಾತಿಗೆ ಮೊದಲು ನಡೆಯುವುದು ಬಟ್ಟೆಯ ಗಂಟು ಬಿಚ್ಚುವ ಕೆಲಸ. ಹೊಲಿಯುವಾಕೆ ಒಂದೊಂದು ಬಟ್ಟೆಯನ್ನೂ ಬೆಳಕಿಗೆ ಹಿಡಿಯುತ್ತಾಳೆ, ಎರಡೂ ಕೈಯಲ್ಲಿ ಜಗ್ಗಿ ನೋಡುತ್ತಾಳೆ. ಪರ್ ಎಂದು ಸೀಳಿದರೆ ಒಳಗೂ ಬೇಡ. ಸೀಳದೆ ನಿಂತರೆ ಒಳಗೆ. ಬಣ್ಣವೂ ಉಳಿದಿದ್ದರೆ ಮೇಲೆ. “ಯವ್ವಾ, ಈ ಸೀರಿ ಒಳಗ ಹಾಕಲ್ಯಾ, ಮ್ಯಾಲ ಹಾಕಲ್ಯಾ?” ಎಂಬ ಪ್ರಶ್ನೆಗೆ ಮನೆಯಾಕೆ ತಡೆದು ಉತ್ತರಿಸುವುದುಂಟು, ಏಕೆಂದರೆ ಸೀರೆ ಯಾರದೆಂಬುದು ಆಕೆಗೆ ನೆನಪಾಗಿರುತ್ತದೆ.

ತಳಬಟ್ಟೆಯನ್ನು ಸಾರಿಸಿದ ನೆಲದ ಮೇಲೆ ಹಾಸಿ ನಾಲ್ಕು ಮೂಲೆಗೂ ಕಲ್ಲನ್ನೋ ತುಂಬಿದ ತಂಬಿಗೆಯನ್ನೋ ಹೇರುತ್ತಾರೆ. ಅದರ ಮೇಲೆ ಒಳಪದರ ಬರುತ್ತದೆ. ಇಲ್ಲಿಯೇ ಕೈಚಳಕ ಇರುವುದು. ಒಂದು ಬಟ್ಟೆ ಸವೆದ ಜಾಗಕ್ಕೆ ಮುಂದಿನ ಬಟ್ಟೆಯ ಗಟ್ಟಿ ಜಾಗ ಬರುವಂತೆ ತಿರುಗಿಸಿ ಹಾಸಬೇಕು. ಸೀರೆಯಾದರೆ ಕೂತು ಎದ್ದು ಸವೆದ ನಡುಭಾಗ, ಧೋತರವಾದರೆ ಮೊಣಕಾಲಿನ ಜಾಗ ತೆಳ್ಳಗಿರುತ್ತದೆ. ಎರಡು ತುಂಡು ಸೇರುವಲ್ಲಿ ಅಂಚಿನ ಮೇಲೆ ಅಂಚು ಏರಿಸದೆ ಪಕ್ಕಪಕ್ಕ ಕೂಡಿಸಬೇಕು. ಏರಿಸಿದರೆ ಅಲ್ಲಿ ದಿಣ್ಣೆ. ಒಂದು ಪದರದ ಸೇರಿಕೆ ಇನ್ನೊಂದು ಪದರದ ಸೇರಿಕೆಯ ನೇರಕ್ಕೆ ಬೀಳಬಾರದು. ಅಂಗೈಯಿಂದ ನಡುವಿನಿಂದ ಹೊರಕ್ಕೆ ಸವರುತ್ತ ಗಾಳಿಯನ್ನೂ ಸುಕ್ಕನ್ನೂ ಹೊರಹಾಕಿ, ಮೇಲ್ಬಟ್ಟೆ ಹೊದಿಸಿ, ಸುತ್ತಲೂ ದೊಡ್ಡ ದೊಡ್ಡ ಹೊಲಿಗೆ ಹಾಕಿ ಕಲ್ಲು ತೆಗೆಯುತ್ತಾರೆ.

ಆ ಮೇಲಿನದು ಅಂಚಿನಿಂದ ಒಳಕ್ಕೆ ಚೌಕದೊಳಗೊಂದು ಚೌಕವಾಗಿ ಸಾಗುವ, ಅಥವಾ ಉದ್ದಕ್ಕೂ ಗೆರೆ ಎಳೆದಂತೆ ಹೋಗುವ ಸಾಲು ಹೊಲಿಗೆ. ಸಾಲಿಗೂ ಸಾಲಿಗೂ ಒಂದೆರಡು ಬೆರಳಿನ ಅಂತರ. ಬಟ್ಟೆಯ ಒಳಪದರಕ್ಕೆ ಇಷ್ಟು ಒತ್ತು ಬೇಕೇ ಎಂದು ಕೇಳಬಹುದು. ಜಾರದಿರುವುದಕ್ಕೆ ನಾಲ್ಕು ಬೆರಳಿನ ಅಂತರವೂ ಸಾಕಾದೀತು. ಆದರೆ ಒಳಗಿನ ಬಟ್ಟೆ ಮುಂದೊಂದು ದಿನ ಹರಿದಾಗ ಆ ಚಿಂದಿಯನ್ನು ಅಲ್ಲೇ ಹಿಡಿದಿಡುವುದು ಈ ಒತ್ತು ಹೊಲಿಗೆಯೇ. ಇದರ ಬಲ ಯುದ್ಧಭೂಮಿಯಲ್ಲೂ ತಿಳಿದಿತ್ತು. 1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ದೋಮಿಂಗೋ ಪಾಯೆಸ್ ಅಲ್ಲಿನ ರಾವುತರು ತೊಟ್ಟಿದ್ದ ಪದರ ಪದರದ ಹೊಲಿಗೆಯಂಗಿಗಳನ್ನು ವರ್ಣಿಸಿದ್ದಾನೆ. ಚರ್ಮ, ಲೋಹ ಸೇರಿಸಿ ಗಟ್ಟಿಮಾಡಿದ ಕೌದಿಗಳೆಂದರೂ ತಪ್ಪಿಲ್ಲ.

ಕೌದಿ ಹಳತಾಗಿ ಮೇಲ್ಬಟ್ಟೆ ಚಿಂದಿಯಾದರೆ ಬಿಚ್ಚುವ ಗೊಡವೆಗೆ ಹೋಗದೆ ಅದರ ಎರಡೂ ಮೈಗೆ ಬೇರೆ ಬಟ್ಟೆ ಹೊದಿಸಿ ಹೊಲಿಯುತ್ತಾರೆ. ಇಡೀ ಹಳೆ ಕೌದಿ ಹೊಸ ಕೌದಿಯ ಒಳಪದರವಾಗುತ್ತದೆ. ಕೂಸಿನ ಕೌದಿಗೆ ಮಾತ್ರ ಹೀಗೆ ಮಾಡುವುದಿಲ್ಲ. ತೊಟ್ಟಿಲಿಗೆ ಹಾಸುವ ಸಣ್ಣ ಕೌದಿ ದಿನಕ್ಕೆರಡು ಸಲ ನೆನೆಯುವಂಥದ್ದು. ಎರಡು ಅಥವಾ ಮೂರು ಪದರ ಮೆತ್ತನೆಯ ಧೋತರ ಸಾಕು, ಮಧ್ಯಾಹ್ನದೊಳಗೆ ಒಣಗಬೇಕು.

ಒಗೆತದ ದೊಡ್ಡ ಹಂಗಾಮು ಮಹಾನವಮಿಯ ಮುಂಚಿನ ದಿನಗಳು. ಮನೆಯ ಹಾಸಿಗೆಯೆಲ್ಲ ಹಳ್ಳಕ್ಕೆ, ಹೊಳೆಗೆ, ಈಗ ಕಾಲುವೆಗೆ ಹೋಗುತ್ತದೆ. ಮಡಿವಾಳ ಮಾಚಿದೇವ ಹುಟ್ಟಿದ ದೇವರ ಹಿಪ್ಪರಗಿ ಮೊನ್ನೆಮೊನ್ನೆಯವರೆಗೆ ಸಿಂದಗಿ ತಾಲೂಕಿನಲ್ಲೇ ಇದ್ದ ಊರು. ಬಸವಣ್ಣನ ಬಾಗೇವಾಡಿಯೂ ಹತ್ತಿರ. ಶರಣರ ಸಾಲಿನಲ್ಲಿ ಕದಿರ ರೆಮ್ಮವ್ವೆ ನೂಲುವವಳು, ಜೇಡರ ದಾಸಿಮಯ್ಯ ನೇಯುವವನು, ಸೂಜಿಕಾಯಕದ ರಾಮಿತಂದೆ ಹೊಲಿಯುವವನು, ಮಾಚಿದೇವ ಒಗೆಯುವವನು. ಕೌದಿಗೆ ಬೇಕಾದ ಕಾಯಕಗಳೆಲ್ಲ ಅಲ್ಲಿವೆ.

ಹಿಂಜಿದ ಹತ್ತಿ

ಗಾದಿಯ ಕೆಲಸ ಪಿಂಜಾರರದು. ನದಾಫರೆಂದೂ ಕರೆಯುವ ಈ ಕನ್ನಡ ಮಾತಾಡುವ ಮುಸ್ಲಿಂ ಸಮುದಾಯ ಉತ್ತರ ಕರ್ನಾಟಕದ ಬಹುತೇಕ ಊರುಗಳಲ್ಲಿದೆ. ಅವರ ಹಳೆಯ ಸಲಕರಣೆ ಆಳೆತ್ತರಕ್ಕೆ ಸಮೀಪದ ಮರದ ಕಮಾನು. ಅದಕ್ಕೆ ಬಿಗಿದದ್ದು ಪ್ರಾಣಿಯ ನರದ ತಂತಿ. ಕಮಾನನ್ನು ಹತ್ತಿಯ ಗುಡ್ಡೆಯ ಮೇಲೆ ತೂಗಾಡುವಂತೆ ಹಿಡಿದು, ಎರಡು ತುದಿ ದಪ್ಪಗಿದ್ದು ನಡು ಸಣ್ಣಗಿರುವ ಬಡಿಗೆಯಿಂದ ತಂತಿಯನ್ನು ಮೀಟಿದರೆ, ತಂತಿಯ ಕಂಪನ ಹತ್ತಿಯ ಗಂಟನ್ನು ಎಳೆ ಎಳೆಯಾಗಿ ಬಿಡಿಸಿ ಹಾರಿಸುತ್ತದೆ. ಕಸ, ಒಡೆದ ಬೀಜದ ಸಿಪ್ಪೆ, ಧೂಳು ಭಾರಕ್ಕೆ ಕೆಳಗುಳಿಯುತ್ತವೆ. ಆ ಧೂಳಿನಲ್ಲಿ ವರ್ಷಗಟ್ಟಲೆ ಉಸಿರಾಡಿದವರಿಗೆ ಬರುವ ಎದೆಯ ಬೇನೆಗೆ ವೈದ್ಯರು ಬಿಸಿನೋಸಿಸ್ ಎನ್ನುತ್ತಾರೆ. ಈಗ ತಾಲೂಕು ಕೇಂದ್ರಗಳಲ್ಲಿ ಕರೆಂಟಿನ ಯಂತ್ರಗಳು ಬಂದಿವೆ. ಮೊಳೆ ಬಡಿದ ಉರುಳೆ ಹತ್ತಿಯನ್ನು ಬೇಗ ಬಿಡಿಸುತ್ತದೆ, ಎಳೆಯನ್ನು ಕಡಿದೂ ಹಾಕುತ್ತದೆ.

ಗಾದಿಗೆ ಎಂಥ ಹತ್ತಿ ಒಳ್ಳೆಯದೆಂಬುದರಲ್ಲಿ ಗಿರಣಿಯ ಲೆಕ್ಕಕ್ಕೂ ಪಿಂಜಾರರ ಲೆಕ್ಕಕ್ಕೂ ತಾಳೆಯಾಗುವುದಿಲ್ಲ. ಗಿರಣಿಗೆ ಉದ್ದ, ನವಿರು ಎಳೆ ಬೇಕು. 1972ರಲ್ಲಿ ಧಾರವಾಡದಲ್ಲಿ ರೂಪುಗೊಂಡ ವರಲಕ್ಷ್ಮಿ, ಅದರ ನಂತರದ ಡಿಸಿಎಚ್-32 ತಳಿಗಳು ಬೆಲೆ ಪಡೆದದ್ದು ಆ ಗುಣಕ್ಕೆ. ಗಾದಿಗೆ ಬೇಕಾದದ್ದು ಗಿಡ್ಡ, ಒರಟು, ಒತ್ತಿ ಬಿಟ್ಟರೆ ಪುಟಿದೇಳುವ ಎಳೆ. ಎರೆಹೊಲದ ಮಳೆಯಾಶ್ರಯದ ಜವಾರಿ ಹತ್ತಿ ಅಂಥದು. ಜಯಧರ ಆ ಕುಲದ ಹೆಸರಾಂತ ತಳಿ. ಬ್ರಿಟಿಷರ ಕಾಲದ ವ್ಯಾಪಾರದಲ್ಲಿ ಈ ಜಾತಿಗೆ ಕುಮಟಾ ಹತ್ತಿಯೆಂದು ಹೆಸರು ಬಿದ್ದಿತ್ತು. ಬೆಳೆದದ್ದು ಈ ಬಯಲಿನಲ್ಲಿ, ಹಡಗು ಹತ್ತಿದ್ದು ಕುಮಟೆಯಲ್ಲಿ. 2002ರಲ್ಲಿ ಬಿಟಿ ಹತ್ತಿಗೆ ಅನುಮತಿ ಸಿಕ್ಕ ಮೇಲೆ ಜವಾರಿ ಹತ್ತಿಯ ಹೊಲ ವಿರಳವಾಯಿತು. ಬಿಟಿಯ ಮೃದು ಎಳೆ ಗಾದಿಯಲ್ಲಿ ಬೇಗ ಒತ್ತಿಕೊಂಡು ಹಪ್ಪಳವಾಗುತ್ತದೆ ಎಂಬ ದೂರು ನ್ಯಾಯವಾದದ್ದೇ.

ಹೀಗೆ ಒತ್ತಿಕೊಂಡ ಗಾದಿಯನ್ನು ಎರಡು ಮೂರು ವರ್ಷಕ್ಕೊಮ್ಮೆ ಬಿಚ್ಚಿ ಹಿಂಜಿಸಬೇಕು. ಪ್ರತಿ ಸಲವೂ ಸ್ವಲ್ಪ ಎಳೆ ಪುಡಿಯಾಗುತ್ತದೆ. ಅಷ್ಟು ಹೊಸ ಹತ್ತಿ ಬೆರೆಸುತ್ತಾರೆ. ಬೀಜದ ಚೂರು ಉಳಿದ ಹತ್ತಿ ಅಗ್ಗ, ಆದರೆ ಬೀಜದ ಎಣ್ಣೆ ಹೊರಬಂದು ಬಟ್ಟೆಯ ಮೇಲೆ ಹಳದಿ ಕಲೆ ಕೂರುತ್ತದೆ. ಅಮೆರಿಕದ ಹಳೆಯ ಹೊದಿಕೆಗಳನ್ನು ಬೆಳಕಿಗೆ ಹಿಡಿದು, ಒಳಗೆ ಬೀಜ ಕಂಡರೆ 1793ರಲ್ಲಿ ಎಲೈ ವಿಟ್ನಿ ಬೀಜ ಬಿಡಿಸುವ ಯಂತ್ರ ಮಾಡುವುದಕ್ಕೂ ಮುಂಚಿನದೆಂದು ಹೇಳುವ ರೂಢಿ ಬಹುಕಾಲ ಇತ್ತು. ಯಂತ್ರದ ಹತ್ತಿಯಲ್ಲೂ ಬೀಜದ ಚೂರು ಉಳಿಯುತ್ತದೆಂದು ಯಾವ ಪಿಂಜಾರರನ್ನು ಕೇಳಿದ್ದರೂ ಹೇಳುತ್ತಿದ್ದರು.

ಬಿಡಿ ಹತ್ತಿಯನ್ನೇ ಹೊದಿಕೆಗೆ ತುಂಬಬೇಕೆನ್ನುವವರು ಎರಡು ಮಾತು ನೆನಪಿಡಬೇಕು. ಹೊಲಿಗೆಯ ಸಾಲುಗಳ ನಡುವೆ ಐದು ಸೆಂಟಿಮೀಟರಿಗಿಂತ ಹೆಚ್ಚು ಅಂತರ ಬಿಟ್ಟರೆ ಹತ್ತಿ ಸರಿದು ಉಂಡೆಯಾಗುತ್ತದೆ. ಮತ್ತು ಅದನ್ನು ಒಗೆಯಬಾರದು. ಮೇಲೊಂದು ಗವಸು ಹಾಕಿ ಗವಸನ್ನೇ ಒಗೆಯಬೇಕು. ಕಾರ್ಖಾನೆಯ ಹತ್ತಿ ಹಾಳೆ ಈ ಕಷ್ಟವನ್ನು ನೀಗಿಸಿದ್ದು ಎಳೆಗಳನ್ನು ಸೂಜಿಗಳಿಂದ ಚುಚ್ಚಿ ಹೆಣೆದು, ಕೆಲವೊಮ್ಮೆ ತೆಳು ಜಾಳಿಗೆ ಅಂಟಿಸಿ. ಅಂಥ ಹಾಳೆಗೆ 20 ಸೆಂಟಿಮೀಟರ್ ಅಂತರವೂ ನಡೆಯುತ್ತದೆ. ಅಂತರ ಎಷ್ಟೆಂಬುದು ಹಾಳೆಯ ಪೊಟ್ಟಣದ ಮೇಲೆ ಬರೆದಿರುತ್ತದೆ. ಬೆಲೆಗಿಂತ ಮೊದಲು ಓದಬೇಕಾದ ಸಾಲು ಅದು.

ಬೇರೆ ತುಂಬುಗಳು

ಉಣ್ಣೆ ಈ ಸೀಮೆಯಲ್ಲಿ ಕಂಬಳಿಯಾಗಿಯೇ ಬಳಕೆಯಲ್ಲಿದೆ. ಡೆಕ್ಕನಿ ಕುರಿಯ ಉಣ್ಣೆ ಒರಟು, ಚುಚ್ಚುತ್ತದೆ, ಬಟ್ಟೆಯ ನೇಯ್ಗೆಯಿಂದ ತೂರಿ ಹೊರಬರುತ್ತದೆ. ಬಿಸಿನೀರಿಗೆ ಹಾಕಿದರೆ ಗಂಟಾಗುತ್ತದೆ. ಬೂರುಗದ ಹತ್ತಿ ದಿಂಬಿಗೆ ಬಹಳ ಹಗುರ, ನೀರು ಹಿಡಿಯುವುದಿಲ್ಲ. ಆದರೆ ಎಳೆ ಮುರಿದು ಪುಡಿಯಾಗುವುದರಿಂದಲೂ ಬೇಗ ಬೆಂಕಿ ಹತ್ತುವುದರಿಂದಲೂ ಹೊದಿಕೆಗೆ ಹೇಳಿದ್ದಲ್ಲ. ಅಂಗಡಿಯವರು ರೆಕ್ರಾನ್ ಎಂದು ಕರೆಯುವ ಪಾಲಿಯೆಸ್ಟರ್ ನಾರು ಟೊಳ್ಳು ಎಳೆಯದು. ಹಗುರ, ಬೆಚ್ಚಗೆ, ಒಗೆದರೆ ಬೇಗ ಒಣಗುತ್ತದೆ. ಬೆಂಗಳೂರು, ಪುಣೆಯ ಫ್ಲ್ಯಾಟಿನಲ್ಲಿ ಬಿಸಿಲು ಕಾಣದ ಬಾಲ್ಕನಿಯವರಿಗೆ, ಮನೆಯೊಳಗೇ ಹೀಟರ್ ಉರಿಯುವ ಹೊರದೇಶದವರಿಗೆ ಅದು ಸರಿಯಾದ ಆಯ್ಕೆಯಾಗಬಹುದು. ಇಂಡಿಯ ಏಪ್ರಿಲ್ ತಿಂಗಳಿಗೆ ಅಲ್ಲ.

ನೆರೆಹೊರೆಯ ರೂಢಿ

ಹಳೆ ಬಟ್ಟೆಯನ್ನೇ ಒಳಪದರ ಮಾಡುವುದು ಉಪಖಂಡದ ಉದ್ದಗಲಕ್ಕೂ ಇದೆ: ಬಂಗಾಳದ ಕಾಂಥಾ, ಬಿಹಾರದ ಸುಜನಿ, ಸಿಂಧ್-ರಾಜಸ್ಥಾನದ ರಲ್ಲಿ, ಭೀಮೆಯ ಆಚೆ ದಡದ ಮಹಾರಾಷ್ಟ್ರದ ಗೋಧಡಿ. ಕರ್ನಾಟಕದೊಳಗೆ ಹೊರಜಗತ್ತಿನ ಗಮನ ಸೆಳೆದದ್ದು ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ, ಮುಂಡಗೋಡ ಸುತ್ತಿನ ಸಿದ್ದಿ ಹೆಂಗಸರ ಕವಂದಿ. ಅಮೆರಿಕದ ಕಲಾ ಇತಿಹಾಸಕಾರ ಹೆನ್ರಿ ಡ್ರೂವಲ್ ಅವುಗಳನ್ನು ಅಭ್ಯಾಸ ಮಾಡಿ ಅಲ್ಲಿನ ಪ್ರದರ್ಶನಗಳಿಗೆ ಒಯ್ದರು. ಸಿದ್ದಿಯರದೂ ಅಂಚಿನಿಂದ ನಡುವಿಗೆ ಸುತ್ತುವ ಹೊಲಿಗೆ; ನಾಲ್ಕು ಮೂಲೆಗೆ ಫುಲಾ ಎಂಬ ತ್ರಿಕೋನದ ಮಡಿಕೆ ಹೂ ಇಲ್ಲದಿದ್ದರೆ ಕೆಲಸ ಮುಗಿದಂತಲ್ಲ. ಮಲೆನಾಡಿನಂಚಿನ ಮಳೆಗಾಲದಲ್ಲಿ ಒಣಗಬೇಕಾದ್ದರಿಂದ ಅದರ ಒಳಪದರ ಬಯಲುಸೀಮೆಯ ಕೌದಿಯಷ್ಟು ದಪ್ಪಗಿರುವುದು ಅನುಕೂಲವಲ್ಲ.

ಮಾರಾಟದ ಕೌದಿ

ಸ್ವಸಹಾಯ ಗುಂಪುಗಳ, ಕರಕುಶಲ ಮಳಿಗೆಗಳ ಮೂಲಕ ಕೌದಿ ಈಗ ಪೇಟೆಯ ವಸ್ತುವೂ ಆಗಿದೆ. ಪೇಟೆಯ ಗಿರಾಕಿ ಬೇರೆಯವರು ಉಟ್ಟ ಬಟ್ಟೆಯನ್ನು ಹೊದೆಯಲು ಹಿಂಜರಿಯುವುದರಿಂದ ಒಳಗೆ ಹೊಸ ಬಟ್ಟೆ, ದರ್ಜಿಯ ಕತ್ತರಿ ತುಂಡು, ಇಲ್ಲವೆ ಪಾಲಿಯೆಸ್ಟರ್ ಹಾಳೆ ಬರುತ್ತಿದೆ. ಹೊಸ ಬಟ್ಟೆಯಾದರೆ ತಯಾರಿಸುವವರು ಅದನ್ನು ಎರಡು ಮೂರು ಸಲ ನೀರಿಗೆ ಹಾಕಿ ಕುಗ್ಗಿಸಿದ್ದಾರೆಯೇ ಎಂದು ಕೇಳಿ ಕೊಳ್ಳುವುದು ಒಳ್ಳೆಯದು. ಒಳಗೇನಿದೆಯೆಂದು ಹೊರಗಿನಿಂದ ತಿಳಿಯುವ ದಾರಿಗಳೂ ಇವೆ. ಮುಷ್ಟಿಯಲ್ಲಿ ಹಿಚುಕಿ ಬಿಟ್ಟಾಗ ಸ್ಪಂಜಿನಂತೆ ಎದ್ದರೆ ಪಾಲಿಯೆಸ್ಟರ್; ಸುಕ್ಕು ಉಳಿಸಿಕೊಂಡು ನಿಧಾನ ಬಿಚ್ಚಿಕೊಂಡರೆ ಹತ್ತಿ. ಎರಡು ಬೆರಳ ನಡುವೆ ಹಿಡಿದು ಉಜ್ಜಿದರೆ ಬಟ್ಟೆಯ ಪದರಗಳು ಬೇರೆ ಬೇರೆಯಾಗಿ ಜರುಗುವುದು ತಿಳಿಯುತ್ತದೆ, ಹಾಳೆ ಒಂದೇ ಮುದ್ದೆಯಾಗಿ ಸಿಗುತ್ತದೆ. ಅನುಮಾನ ಉಳಿದರೆ ಹೊಲಿಗೆಯ ಸಂದಿಯಿಂದ ಒಂದೆಳೆ ಎಳೆದು ಕಡ್ಡಿ ಗೀರಬೇಕು. ಹತ್ತಿ ಕಾಗದ ಸುಟ್ಟ ವಾಸನೆ ಬಿಟ್ಟು ಬೂದಿಯಾಗುತ್ತದೆ. ಪಾಲಿಯೆಸ್ಟರ್ ಕರಗಿ, ತಣಿದ ಮೇಲೆ ಉಗುರಿಗೆ ಗಟ್ಟಿಯಾಗಿ ತಾಗುವ ಕರಿ ಮಣಿಯಾಗುತ್ತದೆ.